ಬೆಚ್ಚಿಬೀಳಿಸದೆ ಎಬ್ಬಿಸೋಣ

ನಿಮ್ಮ ಮನೆಯಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು? ಹೆಚ್ಚಿನ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ: ನೀವೇ. ಸುಬ್‌ಹಿ ನಮಾಝ್‌ಗೆ ಪತಿಯನ್ನು ಎಬ್ಬಿಸಬೇಕು. ಮದ್ರಸಕ್ಕೆ ಹೋಗುವ ಚಿಕ್ಕವರನ್ನು ಎಬ್ಬಿಸಬೇಕು. ಕಾಲೇಜಿಗೆ ಹೋಗುವ ಮಗನನ್ನು ನಾಲ್ಕು ಬಾರಿಯಾದರೂ ಕರೆಯಬೇಕು. ಇವರೆಲ್ಲರನ್ನು ಎಬ್ಬಿಸುವ ನಿಮ್ಮನ್ನು ಎಬ್ಬಿಸುವುದು ಮಾತ್ರ ತಲೆದಿಂಬಿನ ಪಕ್ಕದಲ್ಲಿರುವ ಮೊಬೈಲ್‌ನ ಕರ್ಕಶ ಸದ್ದು. ಅದು ಕಿರುಚಿದಾಕ್ಷಣ ಎದೆ ಧಸಕ್ಕೆಂದು, ಕೈ ಕತ್ತಲಲ್ಲಿ ಫೋನ್ ಹುಡುಕುತ್ತದೆ. ಅಷ್ಟರಲ್ಲಿ ತೊಟ್ಟಿಲಲ್ಲಿರುವ ಮಗು ಬೆಚ್ಚಿ ಅಳಲಾರಂಭಿಸುತ್ತದೆ. ಪಕ್ಕದ ಕೋಣೆಯಲ್ಲಿ ತಡವಾಗಿ ನಿದ್ದೆ ಹತ್ತಿದ ಅತ್ತೆಗೂ ಎಚ್ಚರವಾಗುತ್ತದೆ. ದಿನ ಆರಂಭವಾಗುವ ಮೊದಲೇ ಮನೆ ಸಿಡಿಮಿಡಿಗೊಳ್ಳುತ್ತದೆ.

ಬೇಗ ಏಳಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೆಚ್ಚಿಬಿದ್ದೇ ಏಳಬೇಕೆಂದೇನಿಲ್ಲವಲ್ಲ? ಮೃದುವಾಗಿ ಎಚ್ಚರಗೊಳ್ಳಲು, ಇತರರನ್ನು ಮೃದುವಾಗಿ ಎಚ್ಚರಗೊಳಿಸಲು ಹಲವು ದಾರಿಗಳಿವೆ. ಕೆಲವಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಅಲಾರಂ ಬರುವ ಮೊದಲು

ಗಂಟೆ ಬಾರಿಸಿ ಎಬ್ಬಿಸುವ ಗಡಿಯಾರ ಮನೆಮನೆಗೆ ಬಂದದ್ದು ತೀರಾ ಇತ್ತೀಚೆಗೆ. ಬೇಕಾದ ಸಮಯಕ್ಕೆ ಹೊಂದಿಸಿಕೊಳ್ಳಬಹುದಾದ ಅಲಾರಂ ಗಡಿಯಾರಕ್ಕೆ ಫ್ರಾನ್ಸಿನ ಆಂಟ್ವಾನ್ ರೆಡಿಯೆ ಎಂಬವರು ಪೇಟೆಂಟ್ ಪಡೆದದ್ದು 1847ರಲ್ಲಿ. ಆ ನಂತರವೂ ಬಹುಕಾಲ ಅದು ಬಡವರ ಕೈಗೆಟಕುವ ವಸ್ತುವಾಗಿರಲಿಲ್ಲ. ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳಲ್ಲಿ ಕಾರ್ಮಿಕರನ್ನು ಎಬ್ಬಿಸುವುದನ್ನೇ ವೃತ್ತಿಯಾಗಿಸಿಕೊಂಡವರಿದ್ದರು. ಉದ್ದನೆಯ ಕೋಲಿನಿಂದ ಕಿಟಕಿಯನ್ನು ಮೆಲ್ಲನೆ ತಟ್ಟಿ, ಒಳಗಿನವರು ಎದ್ದರೆಂದು ಖಚಿತವಾದ ಮೇಲೆ ಮುಂದಿನ ಮನೆಗೆ ಹೋಗುತ್ತಿದ್ದರು. ಅದಕ್ಕೆ ವಾರಕ್ಕಿಷ್ಟು ಎಂದು ಕೂಲಿ ಪಡೆಯುತ್ತಿದ್ದರು. ಅವರಲ್ಲಿ ಮಹಿಳೆಯರೂ ಇದ್ದರು.

ನಮ್ಮ ಹಳ್ಳಿಗಳಲ್ಲಿ ಕೋಳಿ ಕೂಗುತ್ತಿತ್ತು, ಮಸೀದಿಯಿಂದ ಸುಬ್‌ಹಿಯ ಅಝಾನ್ ತೇಲಿ ಬರುತ್ತಿತ್ತು. ಕಪಾಟಿನ ಮೇಲೆ ಕೀ ಕೊಡುವ ಒಂದು ಟೈಂಪೀಸ್ ಇದ್ದರೆ ಅದೇ ದೊಡ್ಡದು. ಈಗ ಕೋಳಿ ಸಾಕುವ ಮನೆಗಳು ಕಡಿಮೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. 2021ರಲ್ಲಿ ರಾಜ್ಯ ವಕ್ಫ್ ಮಂಡಳಿಯೂ ಈ ಬಗ್ಗೆ ಮಸೀದಿಗಳಿಗೆ ಸುತ್ತೋಲೆ ಕಳುಹಿಸಿತ್ತು. ಹಾಗಾಗಿ ಹಲವು ಊರುಗಳಲ್ಲಿ ಸುಬ್‌ಹಿಯ ಅಝಾನ್ ಮನೆಯ ತನಕ ಕೇಳಿಸುವುದಿಲ್ಲ. ಆ ಖಾಲಿ ಜಾಗವನ್ನು ಮೊಬೈಲ್ ಅಲಾರಂ ತುಂಬಿದೆ. ಒಂದೊಂದು ಮನೆಯಲ್ಲಿ ನಾಲ್ಕು ಫೋನ್, ನಾಲ್ಕು ಅಲಾರಂ!

ದೇಹದೊಳಗೆ ಏನಾಗುತ್ತದೆ?

ನಿದ್ದೆ ಎಂಬುದು ರಾತ್ರಿಯಿಡೀ ಒಂದೇ ತೆರನಾಗಿ ಇರುವುದಿಲ್ಲ. ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಹೀಗೆ ಅದು ಸುತ್ತುತ್ತಾ ಇರುತ್ತದೆ. ಒಂದು ಸುತ್ತಿಗೆ ಸುಮಾರು 90 ನಿಮಿಷ. ಗಾಢ ನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿಯುತ್ತದೆ. ಬೆಳಗಿನ ಜಾವದಲ್ಲಿ ನಿದ್ದೆ ಸಹಜವಾಗಿ ಹಗುರವಾಗುತ್ತಾ ಬರುತ್ತದೆ. ದೇಹದ ಉಷ್ಣಾಂಶ ಮೆಲ್ಲನೆ ಏರುತ್ತದೆ. ಚೈತನ್ಯ ನೀಡುವ ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತದಲ್ಲಿ ಹೆಚ್ಚತೊಡಗುತ್ತದೆ. ಅಂದರೆ ದೇಹ ತಾನಾಗಿಯೇ ಏಳುವ ಸಿದ್ಧತೆ ಮಾಡಿಕೊಳ್ಳುತ್ತಿರುತ್ತದೆ. ದೇಹದೊಳಗಿನ ಈ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ರಾತ್ರಿ ಹನ್ನೆರಡೂವರೆಗೆ ಮಲಗಿ ನಾಲ್ಕೂವರೆಗೆ ಅಲಾರಂ ಇಟ್ಟರೆ ಈ ಸಿದ್ಧತೆಗೆ ಸಮಯವೇ ಸಿಗುವುದಿಲ್ಲ. ಗಾಢ ನಿದ್ದೆಯ ನಡುವೆ ಕರ್ಕಶ ಸದ್ದು ಬಡಿದರೆ ಅಪಾಯ ಬಂದಿದೆಯೆಂದೇ ದೇಹ ತಿಳಿಯುತ್ತದೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಕಣ್ಣು ತೆರೆದರೂ ಮೆದುಳು ಪೂರ್ತಿ ಎಚ್ಚರವಾಗಿರುವುದಿಲ್ಲ. ಈ ಮಂಪರು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ ಇರುತ್ತದೆ, ನಿದ್ದೆ ಸಾಲದಿದ್ದರೆ ಇನ್ನೂ ಹೆಚ್ಚು. ಬೆಳಗ್ಗೆ ಹಾಲು ಉಕ್ಕಿ ಹೋಗುವುದು, ಚಾಕು ಬೆರಳಿಗೆ ತಗಲುವುದು, ಸಣ್ಣ ಮಾತಿಗೂ ಮಕ್ಕಳ ಮೇಲೆ ರೇಗುವುದು ಎಲ್ಲವೂ ಈ ಹೊತ್ತಿನಲ್ಲೇ ಹೆಚ್ಚು. ಅದನ್ನು ನಿಮ್ಮ ಸ್ವಭಾವದ ದೋಷವೆಂದು ಭಾವಿಸಿ ಕೊರಗಬೇಡಿ. ಅರ್ಧ ನಿದ್ದೆಯಲ್ಲಿರುವ ಮೆದುಳಿನಿಂದ ನೀವು ಕೆಲಸ ಮಾಡಿಸುತ್ತಿದ್ದೀರಿ, ಅಷ್ಟೆ.

ಹೆಸರು ಹಿಡಿದು ಕರೆಯಿರಿ

ಮಕ್ಕಳನ್ನು ಎಬ್ಬಿಸಲು ಜಗತ್ತಿನ ಅತ್ಯುತ್ತಮ ಅಲಾರಂ ಯಾವುದು ಗೊತ್ತೇ? ತಾಯಿಯ ದನಿ. ಇದು ಭಾವುಕತೆಯ ಮಾತಲ್ಲ. ಅಮೆರಿಕದ ಓಹಿಯೋದಲ್ಲಿ ಬೆಂಕಿ ಅನಾಹುತದ ಎಚ್ಚರಿಕೆ ಗಂಟೆಗಳ ಬಗ್ಗೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. 6ರಿಂದ 12 ವರ್ಷದ 24 ಮಕ್ಕಳು ಗಾಢ ನಿದ್ದೆಯಲ್ಲಿದ್ದಾಗ ಒಮ್ಮೆ ಸಾಮಾನ್ಯ ಗಂಟೆಯನ್ನು ಬಾರಿಸಲಾಯಿತು. ಇನ್ನೊಮ್ಮೆ ತಾಯಿ ಹೆಸರು ಹಿಡಿದು ಕರೆಯುವ ಧ್ವನಿಮುದ್ರಣವನ್ನು ಕೇಳಿಸಲಾಯಿತು. ಗಂಟೆಗೆ ಎದ್ದವರು 14 ಮಕ್ಕಳು. ತಾಯಿಯ ದನಿಗೆ ಎದ್ದವರು 23 ಮಕ್ಕಳು! ಅವರಲ್ಲಿ ಹೆಚ್ಚಿನವರು ಎದ್ದದ್ದು ಅರ್ಧ ನಿಮಿಷದೊಳಗೆ. ನಿದ್ದೆಯಲ್ಲಿದ್ದಾಗಲೂ ನಮ್ಮ ಹೆಸರನ್ನು ಮೆದುಳು ಇತರ ಸದ್ದುಗಳಿಂದ ಬೇರೆಯಾಗಿ ಗುರುತಿಸುತ್ತದೆ ಎಂಬುದು 1960ರಲ್ಲೇ ತಿಳಿದುಬಂದಿತ್ತು.

ರಮಝಾನ್‌ನಲ್ಲಿ ಸಹರಿಗೆ ಎಬ್ಬಿಸುವವರ ಸಂಪ್ರದಾಯ ನೆನಪಿಸಿಕೊಳ್ಳಿ. ತುರ್ಕಿಯಲ್ಲಿ ಡೋಲು ಬಾರಿಸುವವರು ಬೀದಿ ಸುತ್ತುತ್ತಾರೆ. ಕಾಶ್ಮೀರದಲ್ಲಿ ಸಹರ್ ಖಾನ್‌ಗಳು ಇದ್ದಾರೆ. ಈಜಿಪ್ಟಿನ ಮುಸಹ್ಹರಾತಿ ಸಣ್ಣ ಡೋಲಿನೊಂದಿಗೆ ಬಂದು ಮನೆಯವರ ಹೆಸರನ್ನೂ ಸೇರಿಸಿ ಕರೆಯುತ್ತಾನೆ. ತಮ್ಮ ಹೆಸರು ಬೀದಿಯಲ್ಲಿ ಕೇಳಿಬಂದರೆ ಮಕ್ಕಳಿಗೆ ಹಬ್ಬವೋ ಹಬ್ಬ.

ಹಾಗಾಗಿ ಅಡುಗೆಮನೆಯಿಂದಲೇ 'ಏಳ್ರೋ' ಎಂದು ಹತ್ತು ಬಾರಿ ಕೂಗುವ ಬದಲು ಒಮ್ಮೆ ಹಾಸಿಗೆಯ ಬಳಿಗೆ ಹೋಗಿ. ದೀಪ ಹಾಕಿ, ಹೊದಿಕೆಯನ್ನು ಥಟ್ಟನೆ ಎಳೆಯದೆ ಭುಜದ ಮೇಲೆ ಕೈಯಿಟ್ಟು ಹೆಸರು ಕರೆಯಿರಿ. ಒಂದು ನಿಮಿಷ ಕುಳಿತುಕೊಳ್ಳಿ. ದೂರದಿಂದ ಹತ್ತು ಸಲ ಕೂಗುವುದಕ್ಕಿಂತ ಇದಕ್ಕೆ ತಗಲುವ ಸಮಯ ಕಡಿಮೆ. ನಿದ್ರಿಸುತ್ತಿರುವವರು ಎಚ್ಚರಗೊಳ್ಳುವವರೆಗೆ ಅವರ ಕರ್ಮಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿರುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಲ್ಲಾಹನೇ ಲೆಕ್ಕ ಹಿಡಿಯದ ನಿದ್ದೆಗೆ ನಾವು ಮಕ್ಕಳನ್ನು 'ಸೋಮಾರಿ' ಎಂದು ಬೈಯುವುದೇಕೆ?

ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಏನು ಮಾಡುವುದು? ಹೆಚ್ಚಿನ ಫೋನ್‌ಗಳಲ್ಲಿ ನಾವೇ ಧ್ವನಿಮುದ್ರಿಸಿದ್ದನ್ನು ಅಲಾರಂ ಆಗಿ ಇಟ್ಟುಕೊಳ್ಳಬಹುದು. ಮಗಳಿಗೆ ನಿಮ್ಮ ದನಿಯಲ್ಲಿ ನಾಲ್ಕು ಮಾತು ಕಳುಹಿಸಿಕೊಡಿ.

ಬೆಳಕಿನಿಂದ ಎಚ್ಚರ

ಕಣ್ಣಿನೊಳಗೆ ನೋಡುವುದಕ್ಕಲ್ಲದೆ ಹಗಲು-ರಾತ್ರಿಯನ್ನು ಮೆದುಳಿಗೆ ತಿಳಿಸುವುದಕ್ಕೆಂದೇ ಇರುವ ವಿಶೇಷ ಕೋಶಗಳಿವೆ. ಬೆಳಕು ಬಿದ್ದಾಗ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಕಡಿಮೆಯಾಗುತ್ತದೆ. ಮುಚ್ಚಿದ ರೆಪ್ಪೆಯ ಮೂಲಕವೂ ಸ್ವಲ್ಪ ಬೆಳಕು ಒಳಹೋಗುತ್ತದೆ. ಆದ್ದರಿಂದಲೇ 'ಕಿಟಕಿಯ ಪರದೆ ಸರಿಸಿ ಮಲಗಿ, ಸೂರ್ಯನೇ ಎಬ್ಬಿಸುತ್ತಾನೆ' ಎಂದು ಎಲ್ಲರೂ ಸಲಹೆ ಕೊಡುತ್ತಾರೆ.

ಆದರೆ ಸುಬ್‌ಹಿಗೆ ಏಳುವವರಿಗೆ ಈ ಸಲಹೆ ಸಾಲದು. ಸೂರ್ಯ ಎಬ್ಬಿಸುವ ಹೊತ್ತಿಗೆ ಸುಬ್‌ಹಿಯ ಸಮಯ ಮುಗಿದಿರುತ್ತದೆ! ಮಂಗಳೂರಿನ ಸುತ್ತಮುತ್ತ ಜೂನ್‌ನಲ್ಲಿ ಸುಬ್‌ಹಿಯ ವೇಳೆ ನಾಲ್ಕೂ ಮುಕ್ಕಾಲರ ಸುಮಾರಿಗೆ ಆರಂಭವಾದರೆ ಜನವರಿಯಲ್ಲಿ ಐದೂವರೆ ದಾಟುತ್ತದೆ. ಎರಡೂ ಕಾಲದಲ್ಲಿ ಹೊರಗೆ ಕತ್ತಲೆಯೇ. ನಮಗೆ ಬೇಕಾದದ್ದು ಮನೆಯೊಳಗಿನ ಮುಂಜಾವು.

ಅದಕ್ಕೆಂದೇ ಬೆಳಕಿನ ಅಲಾರಂ ದೀಪಗಳು ಮಾರುಕಟ್ಟೆಯಲ್ಲಿವೆ. ಏಳುವ ಸಮಯಕ್ಕಿಂತ ಅರ್ಧ ಗಂಟೆ ಮೊದಲು ಮಸುಕಾದ ಕೆಂಬೆಳಕಿನಿಂದ ಆರಂಭಿಸಿ ಕ್ರಮೇಣ ಕೋಣೆಯನ್ನು ಬೆಳಗಿಸುತ್ತವೆ. ಫೋನ್‌ನಿಂದ ನಿಯಂತ್ರಿಸುವ ಬಲ್ಬುಗಳಲ್ಲೂ ಈ ಸೌಲಭ್ಯ ಇರುತ್ತದೆ, ಬೆಲೆಯೂ ಕಡಿಮೆ. ಅದೂ ಬೇಡವೆಂದರೆ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಟೈಮರ್ ಸಾಕೆಟ್‌ಗೆ ಒಂದು ಮೇಜಿನ ದೀಪ ಸಿಕ್ಕಿಸಿ, ಗೋಡೆಯ ಕಡೆಗೆ ತಿರುಗಿಸಿಡಿ. ಏಳುವುದಕ್ಕೆ ಹದಿನೈದು ನಿಮಿಷ ಮೊದಲು ಅದು ತಾನಾಗಿ ಉರಿಯಲಿ. ಕರೆಂಟು ಕೈಕೊಡುವ ಊರಾದರೆ ಜೊತೆಗೆ ಫೋನ್ ಅಲಾರಂ ಇರಲಿ. ಕಿವಿ ಮಂದವಾಗಿರುವ ಹಿರಿಯರಿಗಂತೂ ಬೆಳಕು ದೊಡ್ಡ ಉಪಕಾರ.

ಸದ್ದೇ ಬೇಕೆಂದರೆ

ಎಲ್ಲ ಸದ್ದೂ ಒಂದೇ ಅಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 50 ಮಂದಿಯನ್ನು ವಿಚಾರಿಸಿ 2020ರಲ್ಲಿ ಒಂದು ವರದಿ ಪ್ರಕಟಿಸಿದರು. 'ಬೀಪ್ ಬೀಪ್' ಎಂದು ಬಡಿದುಕೊಳ್ಳುವ ಅಲಾರಂಗೆ ಏಳುವವರಿಗಿಂತ, ಏರಿಳಿತವಿರುವ, ಜೊತೆಗೆ ಗುನುಗಬಹುದಾದ ಸದ್ದಿಗೆ ಏಳುವವರಲ್ಲಿ ಬೆಳಗ್ಗಿನ ಮಂಪರು ಕಡಿಮೆ ಎಂದು ಅದರಲ್ಲಿ ಕಂಡುಬಂದಿತ್ತು. ಸಣ್ಣ ಅಧ್ಯಯನ ನಿಜ. ಆದರೆ ಪರೀಕ್ಷಿಸಿ ನೋಡುವುದರಿಂದ ನಷ್ಟವೇನಿಲ್ಲ. ಫೋನ್‌ನ ಅಲಾರಂ ಸೆಟ್ಟಿಂಗ್‌ನಲ್ಲಿ ಸದ್ದನ್ನು ಮೆಲ್ಲಮೆಲ್ಲನೆ ಏರಿಸುವ ಆಯ್ಕೆ ಇದ್ದರೆ ಅದನ್ನು ಬಳಸಿ. ಸಂಗೀತ ಬೇಡವೆನ್ನುವವರು ಹಕ್ಕಿಗಳ ಕಲರವ ಇಟ್ಟುಕೊಳ್ಳಬಹುದು.

ಅಝಾನನ್ನೇ ಅಲಾರಂ ಆಗಿ ಇಡುವವರಿದ್ದಾರೆ. ಅದಕ್ಕೆ ಪೂರ್ತಿ ಕಿವಿಗೊಟ್ಟು ಏಳುವ ಅಭ್ಯಾಸವಿದ್ದರೆ ಒಳ್ಳೆಯದೇ. ಆದರೆ ಅರೆನಿದ್ದೆಯಲ್ಲಿ ದಿನವೂ ಅದನ್ನು ಅರ್ಧದಲ್ಲೇ ನಿಲ್ಲಿಸುವಂತಾದರೆ ಮನಸ್ಸಿಗೇ ಕಸಿವಿಸಿ. ಅಂಥವರು ಅಲಾರಂಗೆ ಬೇರೆ ಸದ್ದು ಇಟ್ಟು, ಅಝಾನನ್ನು ಎಚ್ಚರವಾದ ಮೇಲೆ ಕೇಳುವುದು ಮೇಲು.

ಮಗುವಿನ ಪಕ್ಕ ಮಲಗುವ ತಾಯಂದಿರಿಗೆ ಸದ್ದೇ ಇಲ್ಲದ ದಾರಿಯಿದೆ. ಕೈಗೆ ಕಟ್ಟುವ ಬ್ಯಾಂಡ್ ಅಥವಾ ವಾಚು ಮೆಲ್ಲನೆ ಕಂಪಿಸಿ ನಿಮ್ಮನ್ನು ಮಾತ್ರ ಎಬ್ಬಿಸುತ್ತದೆ. ತಲೆದಿಂಬಿನಡಿ ಇಡುವ ಕಂಪಿಸುವ ಅಲಾರಂಗಳೂ ಇವೆ. ಮೊದಮೊದಲು ಕಿವಿ ಕೇಳಿಸದವರ ಬಳಕೆಗೆ ಬಂದ ಸಾಧನಗಳಿವು. ಫೋನನ್ನೇ ತಲೆದಿಂಬಿನಡಿ ತುರುಕಬೇಡಿ. ಅದು ಬಿಸಿಯಾಗುತ್ತದೆ.

ಅಲಾರಂ ನಿಲ್ಲಿಸಿ 'ಇನ್ನು ಐದು ನಿಮಿಷ' ಎಂದು ಮತ್ತೆ ಮಲಗುವುದು ತಪ್ಪೇ? ಅರ್ಧ ಗಂಟೆ ಹೀಗೆ ಮಾಡಿದವರಿಗೆ ಹೇಳಿಕೊಳ್ಳುವಂಥ ಹಾನಿಯೇನೂ ಕಾಣಲಿಲ್ಲ ಎನ್ನುತ್ತದೆ ಸ್ವೀಡನ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಹಾನಿ ಆಗುವುದು ಪಕ್ಕದವರಿಗೆ! ಐದೈದು ನಿಮಿಷಕ್ಕೊಮ್ಮೆ ಬಡಿಯುವ ಅಲಾರಂ ಇಡೀ ಕೋಣೆಯ ನಿದ್ದೆ ಕೆಡಿಸುತ್ತದೆ.

ರೂಢಿಯಾಗುವವರೆಗೆ ಒಂದು ಎಚ್ಚರಿಕೆ ಇರಲಿ. ಮೊದಲು ಮೃದುವಾದ ಅಲಾರಂ, ಹತ್ತು ನಿಮಿಷ ಬಿಟ್ಟು ಎಂದಿನ ಜೋರಿನ ಅಲಾರಂ ಇಟ್ಟುಕೊಳ್ಳಿ. ಹತ್ತು ಹದಿನೈದು ದಿನಗಳಲ್ಲಿ ಎರಡನೆಯದು ಬಡಿಯುವ ಮೊದಲೇ ನೀವು ಎದ್ದಿರುವ ಸಾಧ್ಯತೆ ಹೆಚ್ಚು.

ನಿಯ್ಯತ್ತಿನ ಬಲ

ಬೆಳಗ್ಗೆ ಬಸ್ಸು ಹಿಡಿಯಬೇಕಾದ ದಿನ ಅಲಾರಂಗಿಂತ ಮೊದಲೇ ಎಚ್ಚರವಾಗುವ ಅನುಭವ ನಿಮಗೂ ಆಗಿರಬಹುದು. ಜರ್ಮನಿಯ ಲ್ಯೂಬೆಕ್‌ನಲ್ಲಿ ಯಾನ್ ಬಾರ್ನ್ ಮತ್ತು ಸಂಗಡಿಗರು ಇದನ್ನು 15 ಮಂದಿಯಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಬೆಳಗ್ಗೆ 6ಕ್ಕೆ ಎಬ್ಬಿಸುತ್ತೇವೆ ಎಂದು ಹೇಳಿ ಮಲಗಿಸಿದ ರಾತ್ರಿ, ಕಾರ್ಟಿಸೋಲನ್ನು ಹೊರಡಿಸುವ ಹಾರ್ಮೋನು ಅದಕ್ಕೆ ಒಂದು ಗಂಟೆ ಮೊದಲೇ ಏರತೊಡಗಿತು. 9ಕ್ಕೆ ಎಂದು ಹೇಳಿ 6ಕ್ಕೇ ದಿಢೀರನೆ ಎಬ್ಬಿಸಿದಾಗ ಅಂಥ ಸಿದ್ಧತೆ ಇರಲಿಲ್ಲ. ಇಷ್ಟು ಗಂಟೆಗೆ ಏಳಬೇಕು ಎಂಬ ತೀರ್ಮಾನ ನಿದ್ದೆಯೊಳಗೂ ಕೆಲಸ ಮಾಡುತ್ತದೆ ಎಂದಾಯಿತು.

ಮಲಗುವ ಮುನ್ನ ದುಆ ಪಠಿಸಿ, 'ಸುಬ್‌ಹಿಗೆ ಏಳುತ್ತೇನೆ' ಎಂದು ನಿಯ್ಯತ್ ಮಾಡಿ ಮಲಗುವ ಹಿರಿಯರಿಗೆ ಈ ಪ್ರಯೋಗದ ಸುದ್ದಿ ಗೊತ್ತಿರಲಿಲ್ಲ. ಅದರ ಫಲ ಮಾತ್ರ ಗೊತ್ತಿತ್ತು.

ಬೆಳಗು ಆರಂಭವಾಗುವುದು ರಾತ್ರಿ

ನಿದ್ದೆಯೇ ಸಾಲದಿದ್ದರೆ ಇವುಗಳಲ್ಲಿ ಯಾವುದೂ ಕೈಹಿಡಿಯದು. ತಜ್ಞರ ಪ್ರಕಾರ ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಹದಿಹರೆಯದವರಿಗೆ 8ರಿಂದ 10 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ. ನೀವೇ ಲೆಕ್ಕ ಹಾಕಿ. ಐದು ಗಂಟೆಗೆ ಏಳುವ ನೀವು ಹತ್ತಕ್ಕೆ ನಿದ್ರಿಸಿರಬೇಕು. ಆರಕ್ಕೆ ಮದ್ರಸಕ್ಕೆಂದು ಏಳುವ ಎಂಟು ವರ್ಷದ ಮಗು ಒಂಬತ್ತರೊಳಗೆ ನಿದ್ರಿಸಿರಬೇಕು. ನಮ್ಮ ಮನೆಗಳಲ್ಲಿ ಒಂಬತ್ತಕ್ಕೆ ಊಟದ ಬಟ್ಟಲುಗಳೇ ತೊಳೆದಾಗಿರುವುದಿಲ್ಲ!

ಇಶಾಗೆ ಮೊದಲು ಮಲಗುವುದನ್ನೂ ಇಶಾದ ನಂತರ ಹರಟುತ್ತಾ ಕೂರುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಇಂದಿನ ಹರಟೆ ಇರುವುದು ಫೋನ್‌ನಲ್ಲಿ. ಅದರ ಬೆಳಕೂ ನಿದ್ದೆಯನ್ನು ಮುಂದೂಡುತ್ತದೆ. ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲ ಫೋನ್‌ಗಳೂ ಹಜಾರದ ಒಂದು ಕಪಾಟಿಗೆ ಸೇರಲಿ. ಆಗ ಅಲಾರಂ ನಿಲ್ಲಿಸಲು ಎದ್ದು ನಾಲ್ಕು ಹೆಜ್ಜೆ ನಡೆಯಲೇಬೇಕಾಗುತ್ತದೆ. ಮಗ್ರಿಬ್ ನಂತರದ ಚಹಾ ಬಿಡಿ. ಚಹಾ-ಕಾಫಿಯ ಕೆಫೀನ್ ಐದಾರು ಗಂಟೆ ಕಳೆದರೂ ಅರ್ಧದಷ್ಟು ದೇಹದಲ್ಲೇ ಉಳಿದಿರುತ್ತದೆ. ರಜಾದಿನಗಳಲ್ಲೂ ಏಳುವ ಸಮಯ ತೀರಾ ಬದಲಾಗದಿರಲಿ. ರಾತ್ರಿ ನಿದ್ದೆ ಕಡಿಮೆಯಾದರೆ ಮಧ್ಯಾಹ್ನ ಇಪ್ಪತ್ತು ನಿಮಿಷದ ಖೈಲೂಲ ಇದ್ದೇ ಇದೆ. ಅದಕ್ಕೆ ನಾಚಿಕೆಪಡಬೇಕಾಗಿಲ್ಲ.

ಹದಿಹರೆಯದ ಮಕ್ಕಳ ಬಗ್ಗೆ ಒಂದು ಮಾತು. ಆ ವಯಸ್ಸಿನಲ್ಲಿ ದೇಹದ ಗಡಿಯಾರ ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ರಾತ್ರಿ ಬೇಗ ನಿದ್ದೆ ಬಾರದು, ಬೆಳಗ್ಗೆ ಬೇಗ ಕಣ್ಣು ತೆರೆಯದು. ಅವರ ಮೇಲೆ ನೀರೆರಚಿ, ಕಿರುಚಿ ಎಬ್ಬಿಸಿದರೆ ನಮಾಝ್‌ನ ಹೊತ್ತೆಂದರೆ ಜಗಳದ ಹೊತ್ತೆಂಬ ಭಾವನೆ ಬೇರೂರುತ್ತದೆ. ಅದೇ ದೊಡ್ಡ ನಷ್ಟ. ಸಂಜೆ ಶಾಂತವಾಗಿರುವಾಗ 'ನಿನ್ನನ್ನು ಹೇಗೆ ಎಬ್ಬಿಸಲಿ?' ಎಂದು ಅವರನ್ನೇ ಕೇಳಿ. ತಾವೇ ಆರಿಸಿದ ದಾರಿಗೆ ಅವರು ತಕ್ಕಮಟ್ಟಿಗೆ ಬದ್ಧರಾಗಿರುತ್ತಾರೆ.

ನೀವೊಬ್ಬರೇ ಮನೆಯ ಅಲಾರಂ ಅಲ್ಲ

ರಾತ್ರಿ ಎಲ್ಲರಿಗಿಂತ ಕೊನೆಗೆ ಮಲಗಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಗೃಹಿಣಿಯ ಹಣೆಬರಹ ಎಂಬಂತಾಗಿದೆ. ಹಾಗೆಂದು ಯಾರೂ ಬರೆದಿಟ್ಟಿಲ್ಲ. ರಾತ್ರಿ ಎದ್ದು ನಮಾಝ್ ಮಾಡಿ ಪತ್ನಿಯನ್ನು ಎಬ್ಬಿಸುವ, ಅವಳು ಏಳದಿದ್ದರೆ ಮುಖಕ್ಕೆ ನೀರು ಚಿಮುಕಿಸುವ ಪತಿಯ ಮೇಲೆ ಅಲ್ಲಾಹನ ಕರುಣೆಯಿರಲಿ ಎಂದು ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದರು. ಪತಿಯನ್ನು ಹಾಗೆಯೇ ಎಬ್ಬಿಸುವ ಪತ್ನಿಗೂ ಅದೇ ಪ್ರಾರ್ಥನೆ. ಮೊದಲು ಹೇಳಿದ್ದು ಪತಿಯನ್ನು ಎಂಬುದನ್ನು ಗಮನಿಸಿ. ಹೇಳಿದ್ದು ಚಿಮುಕಿಸಲು, ಸುರಿಯಲು ಅಲ್ಲ.

ಪ್ರವಾದಿವರ್ಯರ(ಸ) ಮದೀನಾದಲ್ಲಿ ಬೆಳಗಿನ ಜಾವದ ಕೆಲಸ ಇಬ್ಬರಲ್ಲಿ ಹಂಚಿಹೋಗಿತ್ತು. ಹಝ್ರತ್ ಬಿಲಾಲ್‌ರ(ರ) ಅಝಾನ್ ಇನ್ನೂ ರಾತ್ರಿಯಿರುವಾಗಲೇ ಕೇಳಿಬರುತ್ತಿತ್ತು. ನಿದ್ರಿಸುತ್ತಿರುವವರು ಏಳಲಿ, ನಮಾಝ್‌ನಲ್ಲಿರುವವರು ತುಸು ವಿರಮಿಸಲಿ ಎಂಬುದು ಅದರ ಉದ್ದೇಶ. ಆಮೇಲೆ ಹಝ್ರತ್ ಇಬ್ನು ಉಮ್ಮಿ ಮಕ್ತೂಮ್‌ರ(ರ) ಅಝಾನ್ ಸುಬ್‌ಹಿಯನ್ನು ಸಾರುತ್ತಿತ್ತು. ಮೊದಲು ಸಿದ್ಧಗೊಳಿಸುವ ಕರೆ, ನಂತರ ನಮಾಝ್‌ನ ಕರೆ.

ನಿಮ್ಮ ಮನೆಯಲ್ಲೂ ಹಂಚಿಕೊಳ್ಳಿ. ವಾರದಲ್ಲಿ ಮೂರು ದಿನ ಮಕ್ಕಳನ್ನು ಅವರ ತಂದೆ ಎಬ್ಬಿಸಲಿ. ನಿಮಗೆ ನಮಾಝ್ ಇಲ್ಲದ ದಿನಗಳಲ್ಲಿ ಆ ಹೊಣೆ ಪೂರ್ತಿಯಾಗಿ ಅವರದಾಗಲಿ, ನೀವು ಒಂದು ಗಂಟೆ ಹೆಚ್ಚು ಮಲಗಿ. ರಾತ್ರಿ ಪಾತ್ರೆ ತೊಳೆಯಲು, ಬೆಳಗ್ಗಿನ ಹಿಟ್ಟು ತರಕಾರಿ ಸಿದ್ಧಪಡಿಸಲು ದೊಡ್ಡ ಮಕ್ಕಳು, ಗಂಡುಮಕ್ಕಳೂ ಸೇರಿ, ಕೈಜೋಡಿಸಲಿ. ಅಷ್ಟಾದರೆ ನಿಮಗೆ ಅರ್ಧ ಗಂಟೆಯ ನಿದ್ದೆ ಉಳಿಯುತ್ತದೆ.

ಸಾಕಷ್ಟು ಮಲಗಿದರೂ ಪ್ರತಿ ಬೆಳಗ್ಗೆ ಏಳಲಾಗದಷ್ಟು ಸುಸ್ತಿದ್ದರೆ ಅದನ್ನು ಈಮಾನಿನ ಕೊರತೆಯೆಂದೋ ಸೋಮಾರಿತನವೆಂದೋ ತೀರ್ಮಾನಿಸದೆ ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಗೊರಕೆಯೊಂದಿಗೆ ಉಸಿರು ಕಟ್ಟುವ ಕಾಯಿಲೆ, ಮನಸ್ಸಿನ ಖಿನ್ನತೆ ಇವೆಲ್ಲ ಹೀಗೆಯೇ ಕಾಣಿಸಿಕೊಳ್ಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಒಂದು ಸಣ್ಣ ರಕ್ತ ಪರೀಕ್ಷೆಯಿಂದ ತಿಳಿಯುವ ವಿಷಯವಿದು.

ಎಚ್ಚರವಾದ ಮೇಲೆ ಒಮ್ಮೆಲೇ ಜಿಗಿದು ಏಳಬೇಡಿ. ಹಿರಿಯರು, ಗರ್ಭಿಣಿಯರು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಪ್ರವಾದಿವರ್ಯರು(ಸ) ಎದ್ದು ಕುಳಿತು ಕೈಗಳಿಂದ ಮುಖವನ್ನು ಸವರಿಕೊಂಡು ನಿದ್ದೆಯನ್ನು ನೀಗಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ನಿದ್ರಿಸುವವನ ತಲೆಯ ಹಿಂಬದಿಗೆ ಶೈತಾನನು ಹಾಕುವ ಮೂರು ಗಂಟುಗಳಲ್ಲಿ ಒಂದು ಅಲ್ಲಾಹನ ಸ್ಮರಣೆಯಿಂದ, ಒಂದು ವುಝೂವಿನಿಂದ, ಕೊನೆಯದು ನಮಾಝ್‌ನಿಂದ ಬಿಚ್ಚಿಕೊಳ್ಳುತ್ತದೆ ಎಂದೂ ಇದೆ. ಆಮೇಲೆ ಮನುಷ್ಯ ಲವಲವಿಕೆಯಿಂದಿರುತ್ತಾನೆ. ಗಂಟುಗಳು ಬಿಚ್ಚುವುದು ಒಂದೊಂದಾಗಿಯೇ.

ಎಲ್ಲವನ್ನೂ ಒಂದೇ ದಿನ ಬದಲಿಸಹೊರಡಬೇಡಿ. ಇಂದು ರಾತ್ರಿ ಅಲಾರಂನ ಸದ್ದನ್ನು ಬದಲಿಸಿ. ನಾಳೆ ಫೋನನ್ನು ಕಪಾಟಿಗೆ ಸೇರಿಸಿ. ಈ ವಾರಾಂತ್ಯದಲ್ಲಿ ಪತಿ ಮಕ್ಕಳೊಂದಿಗೆ ಕುಳಿತು, ಯಾರು ಯಾವ ದಿನ ಎಬ್ಬಿಸುವುದೆಂದು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಮೊದಲ ಹೆಸರು ನಿಮ್ಮದಾಗದಿರಲಿ.